ಒಳಹರಿವು, ಹೊರಹರಿವು

ನಮ್ಮಪ್ಪ ಮೆಟ್ಟೂರು ಅಣೆಕಟ್ಟಿನ ಮಟ್ಟ ಓದದೆ ಬೆಳಗಿನ ಕಾಫಿ ಮುಟ್ಟುವವರಲ್ಲ. ಪಿಡಬ್ಲ್ಯುಡಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದ ಮೇಲೆ ಅವರ ಪಾಲಿಗೆ ಉಳಿದಿರುವ ಕಡತ ಅದೊಂದೇ. ಸೇಲಂನ ನಮ್ಮ ಮನೆಯಲ್ಲಿ ಮಾತು ಕನ್ನಡ, ಪೇಪರು ತಮಿಳು. ಅಪ್ಪ ತಮಿಳಿನಲ್ಲಿ ಓದಿ ಕನ್ನಡದಲ್ಲಿ ಸಾರುತ್ತಾರೆ: ಮಟ್ಟ ಇಷ್ಟು ಅಡಿ, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು. 1934ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು, ತುಂಬಿದರೆ 120 ಅಡಿ, 93.47 ಟಿಎಂಸಿ. ಇಷ್ಟು ನನಗೆ ಮಗ್ಗಿಗಿಂತ ಮೊದಲೇ ಬಾಯಿಗೆ ಬಂದಿತ್ತು. ಮುಂದೆ ನಾನೂ ಒಂದು ಸಬ್ಬಕ್ಕಿ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದೆ. ಲಾರಿಯಲ್ಲಿ ಬಂದ ಮರಗೆಣಸನ್ನು ತೂಗಿ, ಹಿಟ್ಟಿನ ಪಾಯಿಂಟ್ ನೋಡಿ, ರೈತರಿಗೆ ದುಡ್ಡು ಬರೆದುಕೊಡುವುದು. ಅಳತೆಗೆ ಸಿಕ್ಕದ ವಸ್ತುವೂ ಲೋಕದಲ್ಲಿದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಆಮೇಲೆ ಮಗಳು ಹುಟ್ಟಿದಳು.

ಹೆರಿಗೆಯಾದ ಮೊದಲೆರಡು ದಿನ ಬಂದದ್ದು ಹಳದಿ ಬಣ್ಣದ ನಾಲ್ಕು ಹನಿ. ನೋಡಲು ಬಂದ ದೊಡ್ಡಮ್ಮ "ಇಷ್ಟೇನಾ?" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಗ ಕೂಸಿಗೆ ಒಂದು ಹೊತ್ತಿಗೆ ಬೇಕಾಗುವುದೂ ಚಮಚದ ಲೆಕ್ಕವೇ ಎಂದು ಸಿಸ್ಟರ್ ಹೇಳಿದರೂ ದೊಡ್ಡಮ್ಮನ ಮುಖ ಸಡಿಲಲಿಲ್ಲ. ಮೂರನೇ ರಾತ್ರಿ ಮುಂಗಾರು ಒಡೆಯಿತು. ಕಸ ಹೊರಬಿದ್ದ ಮೇಲೆ ರಕ್ತದಲ್ಲಿ ಪ್ರೊಜೆಸ್ಟರಾನ್ ಕುಸಿಯುತ್ತದೆ, ಅದರ ಅಡ್ಡಿಯಿಂದ ಅಲ್ಲಿಯವರೆಗೆ ಕೈಕಟ್ಟಿ ಕೂತಿದ್ದ ಪ್ರೊಲ್ಯಾಕ್ಟಿನ್ ಕೆಲಸಕ್ಕಿಳಿಯುತ್ತದೆ. ಮೊದಲ ವಾರಗಳಲ್ಲಿ ಈ ಹಾರ್ಮೋನುಗಳದ್ದೇ ರಾಜ್ಯಭಾರ. ಕೂಸು ಒಂದೋ ಅವಳಿಯೋ, ಅದರ ಹಸಿವೆಷ್ಟೋ, ಮೈಗೆ ಇನ್ನೂ ತಿಳಿದಿರುವುದಿಲ್ಲ. ಹಾಗಾಗಿ ಎಷ್ಟೋ ಜನರಿಗೆ ಬೇಕಾದ್ದಕ್ಕಿಂತ ಹೆಚ್ಚೇ ಬರುತ್ತದೆ.

ಇದೆಲ್ಲ ನಾನು ತಿಳಿದುಕೊಂಡದ್ದು ಬಹಳ ತಡವಾಗಿ. ಆಗ ತಿಳಿದಿದ್ದು ಇಷ್ಟೇ: ನನ್ನ ಮಟ್ಟ 120 ಅಡಿ. ಸೀರೆ ಒದ್ದೆ, ದಿಂಬು ಒದ್ದೆ, ಒಂದು ಕಡೆ ಕುಡಿಸುವಾಗ ಇನ್ನೊಂದು ಕಡೆಗೆ ಬಟ್ಟಲು ಹಿಡಿಯಬೇಕು. ಬಂದವರೆಲ್ಲ "ಏನು ಹಾಲಮ್ಮಾ!" ಎಂದು ಹೊಗಳಿ ಹೋಗುವರು, ಅವರು ಬೀದಿ ತಿರುಗಿದೊಡನೆ ಅಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವಳು. ನಾನು ಮೇಲಕ್ಕೆ "ಅಯ್ಯೋ, ಬಿಡಿ" ಎನ್ನುತ್ತಿದ್ದೆ. ಒಳಗೊಳಗೆ ಮಾತ್ರ ಇದು ಪ್ರೊಲ್ಯಾಕ್ಟಿನ್ನಿನದಲ್ಲ, ನನ್ನದೇ ಪ್ರತಿಭೆ ಎಂದು ನಂಬಿದ್ದೆ.

ಮೂರನೇ ತಿಂಗಳು ಗಂಡನ ಮನೆಗೆ ಬಂದೆ. ಧರ್ಮಪುರಿಯಿಂದ ಪೆನ್ನಾಗರಂ ಕಡೆಗೆ ಹೋಗುವ ದಾರಿಯಲ್ಲಿ ಊರು. ಅಲ್ಲೂ ಮನೆಮಾತು ಕನ್ನಡವೇ, ಮನೆದೇವರೂ ಅದೇ ಚೌಡೇಶ್ವರಿ. ಬಂದ ವಾರದಲ್ಲೇ ಒಂದು ಬೆಳಿಗ್ಗೆ ಎದ್ದು ನೋಡಿದರೆ ಸೀರೆ ಒಣಗಿದೆ! ಎದೆ ಮೆತ್ತಗಾಗಿದೆ, ಬಿಗಿತ ಇಲ್ಲ, ಸೋರುವುದಿಲ್ಲ. ನಲವತ್ತು ನಿಮಿಷ ಎಳೆಯುತ್ತಿದ್ದ ಮಗಳು ಏಳೆಂಟು ನಿಮಿಷದಲ್ಲಿ ಬಾಯಿ ಬಿಟ್ಟು ಫ್ಯಾನ್ ನೋಡುತ್ತಾಳೆ. ಸಾಯಂಕಾಲ ಆರಾದರೆ ಮಾತ್ರ ರಾಗ ತೆಗೆದು ಗಳಿಗೆಗೊಂದು ಸಲ ಬೇಕೆನ್ನುತ್ತಾಳೆ. ಲೆಕ್ಕ ಬಲ್ಲವಳಿಗೆ ಇನ್ನೇನು ಬೇಕು? ಹೊರಹರಿವಿನ ಹೊತ್ತು ಐದರಲ್ಲೊಂದು ಪಾಲಾಗಿದೆ, ಸಂಜೆ ಬೇಡಿಕೆ ಏರಿದೆ, ಮಟ್ಟ ತಳ ಕಂಡಿದೆ. ಹಾಲು ಬತ್ತಿತು ಎಂದು ನಾನೇ ಘೋಷಿಸಿದೆ.

ಘೋಷಣೆ ಹೊರಬಿದ್ದೊಡನೆ ಅಂತರಜಿಲ್ಲಾ ವಿವಾದ ಶುರುವಾಯಿತು. ಸೇಲಂನಿಂದ ಅಮ್ಮ ಫೋನಿನಲ್ಲಿ, "ಧರ್ಮಪುರಿ ನೀರು ಕಣೇ, ನಾನು ಆಗಲೇ ಹೇಳ್ಲಿಲ್ವಾ? ಆ ನೀರು ಕುಡಿದೋರ ಹಲ್ಲೇ ಹಳದಿ ಆಗ್ತದೆ, ಇನ್ನು ಹಾಲು ಎಲ್ಲಿ ನಿಲ್ತದೆ!" ಎಂದಳು. ಧರ್ಮಪುರಿಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇರುವುದೂ, ಅದು ಹಲ್ಲು ಮೂಳೆ ಕೆಡಿಸುವುದೂ ನಿಜ. ಅದಕ್ಕೆಂದೇ ಹೊಗೇನಕಲ್ ಕುಡಿಯುವ ನೀರಿನ ಯೋಜನೆ ಬಂದದ್ದು, 2013ರಲ್ಲಿ ಉದ್ಘಾಟನೆಯಾದದ್ದು. ಫೋನು ಸ್ಪೀಕರಿನಲ್ಲಿತ್ತು. ಅತ್ತೆ ಸೊಪ್ಪು ಬಿಡಿಸುತ್ತಲೇ ಉತ್ತರ ಕೊಟ್ಟರು: "ನಾವು ಕುಡಿಯೋದು ಹೊಗೇನಕಲ್ ಕಾವೇರಿ ನೀರು ಬೀಗಿತ್ತಿ. ನೀವು ಸೇಲಂನೋರು ಕುಡಿಯೋದು ಮೆಟ್ಟೂರು ನೀರು. ಹೊಗೇನಕಲ್ಲಲ್ಲಿ ಬಿದ್ದ ನೀರೇ ತಾನೆ ಅಲ್ಲಿಗೆ ಬರೋದು? ಅಂದ್ರೆ ನಾವು ಕುಡಿದು ಬಿಟ್ಟಿದ್ದನ್ನ ನೀವು ಕುಡೀತೀರಿ." ಆಮೇಲೆ ಮೂರು ದಿನ ಅಮ್ಮ ನನಗೆ ಮಾತ್ರ ಕೇಳುವಂತೆ ಫೋನು ಮಾಡಿದಳು.

ಅತ್ತೆಯ ಸಿದ್ಧಾಂತ ಬೇರೆ: ಸೇಲಂನಲ್ಲಿ ಬಂದವರೆದುರಿಗೆಲ್ಲ ಕುಡಿಸಿದ್ದರಿಂದ ದೃಷ್ಟಿಯಾಗಿದೆ. ನಮ್ಮ ಮನೆಯವರದು ಮೂರನೆಯದು. ಸಂಜೆ ಮಗು ಅಳತೊಡಗಿದಾಗ ಅವರು ಬಾಗಿಲಲ್ಲಿ ನಿಂತು, "ತಮಿಳುನಾಡು ಹೆಚ್ಚುವರಿ ನೀರು ಕೇಳ್ತಾ ಇದೆ. 177.25 ಟಿಎಂಸಿ, ಬಿಳಿಗುಂಡ್ಲುವಿನಲ್ಲಿ ಅಳೆದು ಕೊಡಬೇಕು, 2018ರ ಸುಪ್ರೀಂ ಕೋರ್ಟ್ ತೀರ್ಪು" ಎನ್ನುವರು. ನಾನು "ಕರ್ನಾಟಕದಲ್ಲೇ ಕುಡಿಯೋಕೆ ಇಲ್ಲ" ಎಂದು ಅತ್ತೇಬಿಡುತ್ತಿದ್ದೆ. ತಮಾಷೆಗೆ ಅಳುವ ಸ್ಥಿತಿಯಲ್ಲಿ ನಾನಿರಲಿಲ್ಲ, ನಿಜವಾಗಿಯೇ ಅಳುತ್ತಿದ್ದೆ.

ಮೊದಲು ಬಂದದ್ದು ಮೆಂತ್ಯ. ಮೆಂತ್ಯದ ಗಂಜಿ, ಮೆಂತ್ಯದುಂಡೆ, ರಾತ್ರಿ ನೆನೆಹಾಕಿದ ಮೆಂತ್ಯದ ನೀರು. ನಾಲ್ಕನೇ ದಿನಕ್ಕೆ ನನ್ನ ಬೆವರಿಗೇ ಮೆಂತ್ಯದ ವಾಸನೆ ಬಂತು, ಇದು ಮೆಂತ್ಯ ಹೆಚ್ಚು ತಿಂದವರಿಗೆ ಆಗುವುದೇ. ಮೇಲೆ ಸಬ್ಬಸಿಗೆ ಸೊಪ್ಪು, ನುಗ್ಗೆ ಸೊಪ್ಪು, ಬೆಳ್ಳುಳ್ಳಿ ಸಾರಲ್ಲ, ಸಾರಿನ ಬದಲಿಗೇ ಬೆಳ್ಳುಳ್ಳಿ. ಪಕ್ಕದ ಮನೆಯ ತಮಿಳು ಅಕ್ಕ ಪಾಲ್ ಸುರಾ ಮೀನಿನ ಪುಟ್ಟು ಮಾಡಿ ಕಳಿಸಿದರು. ಸಮುದ್ರ ಇನ್ನೂರು ಕಿಲೋಮೀಟರಿಗೂ ಆಚೆ ಇರುವ ಊರಿಗೆ ಆ ಮೀನು ಯಾವ ಸ್ಥಿತಿಯಲ್ಲಿ ಬಂದಿತ್ತೋ ವಿಚಾರಿಸದೆ ತಿಂದೆ. ಮಾವ ಎಲ್ಲಿಂದಲೋ ಹಲವು ಮಕ್ಕಳ ತಾಯಿ ಬೇರು ಅಗೆಸಿ ತಂದರು. ಪೇಟೆಯಲ್ಲಿ ಶತಾವರಿ ಎಂದು ಶೀಶೆಯಲ್ಲಿ ಸಿಗುವುದು ಅದೇ. ನಾದಿನಿ ಹಾಲಿನ ಪುಡಿಯ ಡಬ್ಬಿಯನ್ನೇ ತಂದಿಟ್ಟಳು. ಅದರ ಮೇಲೆ, 1992ರ ಕಾನೂನಿನ ಪ್ರಕಾರ, ತಾಯಿಯ ಹಾಲೇ ಮಗುವಿಗೆ ಶ್ರೇಷ್ಠ ಎಂದು ಅಚ್ಚು ಹಾಕಿರುತ್ತಾರೆ. ಮುಚ್ಚಳ ತೆಗೆಯುವ ಮೊದಲು ನಾನು ಅದನ್ನು ಓದಿದೆ. ಓದಿ ಮತ್ತೆ ಅತ್ತೆ. ಡಬ್ಬಿ ಹಾಗೇ ಉಳಿಯಿತು.

ಇಷ್ಟರಲ್ಲಿ ಆನ್‌ಲೈನಿನಲ್ಲಿ ಪಂಪು ಬಂತು. ಕರೆಂಟಿನದು, ಎರಡೂ ಕಡೆಗೆ ಒಟ್ಟಿಗೆ ಹಾಕುವಂಥದ್ದು, ಬಾಟಲಿಯ ಮೇಲೆ ಎಂಎಲ್ ಗೀಟು ಇದ್ದದ್ದು. ಆ ಗೀಟು ಕಂಡಾಗ ನನ್ನ ಕಣ್ಣು ಅರಳಿದ್ದನ್ನು ಮನೆಯವರು ಈಗಲೂ ನಟಿಸಿ ತೋರಿಸುತ್ತಾರೆ. ಅಪ್ಪನ ಮನೆಯಿಂದ ತಂದಿದ್ದ ಉದ್ದ ರಿಜಿಸ್ಟರಿನಲ್ಲಿ ಕಾಲಂ ಎಳೆದೆ: ದಿನಾಂಕ, ಸಮಯ, ಎಡ, ಬಲ, ಒಟ್ಟು, ಷರಾ. ಬಲಗಡೆ ಯಾವಾಗಲೂ ಒಂದು ಕೈ ಮೇಲಾದ್ದರಿಂದ ಅದಕ್ಕೆ ಕೆಆರ್‌ಎಸ್ ಎಂದೂ ಎಡಕ್ಕೆ ಕಬಿನಿ ಎಂದೂ ಹೆಸರಾಯಿತು. ಮೊದಲ ಸಲ ಎರಡೂ ಜಲಾಶಯ ಸೇರಿ ಬಂದದ್ದು ಬಾಟಲಿಯ ತಳ ಮುಚ್ಚುವಷ್ಟು. ಷರಾ ಕಾಲಮಿನಲ್ಲಿ 'ಬರ' ಎಂದು ಬರೆದೆ.

ಅದು ಬರವಲ್ಲ, ಮಗು ಕುಡಿದು ಉಳಿದದ್ದು. ಪಂಪಿಗೆ ಸಿಕ್ಕಿದ್ದು ಎದೆಯಲ್ಲಿರುವುದರ ಅಳತೆಯಲ್ಲ. ಹಾಲು ಇಳಿಯಲು ಆಕ್ಸಿಟೋಸಿನ್ ಬೇಕು, ಅದು ಕೂಸಿನ ಬಾಯಿ, ವಾಸನೆ, ದನಿಗೆ ಸ್ಪಂದಿಸುತ್ತದೆ. ಉಸಿರು ಬಿಗಿಹಿಡಿದು ಗೀಟು ದಿಟ್ಟಿಸುತ್ತಾ ಕೂತವಳ ಹತ್ತಿರ ಸುಳಿಯಲು ಹಿಂಜರಿಯುತ್ತದೆ. ನಾನೋ ಇನ್‌ಸ್ಪೆಕ್ಷನ್ನಿಗೆ ಬಂದ ಎಂಜಿನಿಯರಿನ ಮುಖ ಹೊತ್ತು ಕೂತಿದ್ದೆ. ಆದರೂ ಬಿಡಲಿಲ್ಲ. ಮಗು ಕುಡಿದ ಮೇಲೆ ಪಂಪು, ಮಲಗಿದ ಮೇಲೆ ಪಂಪು, ನಡುರಾತ್ರಿ ಅಲಾರಂ ಇಟ್ಟು ಪಂಪು. ಗೋಡೆಯಾಚೆ ಮಲಗುವ ಮಾವ, "ರಾತ್ರಿಯೆಲ್ಲ ಯಾರೋ ಮಗ್ಗ ಹಾಕ್ತಾರೆ" ಎಂದು ಬೆಳಿಗ್ಗೆ ಹೊರಗೆ ಹೋಗಿ ಹುಡುಕಿದರು.

ಒಂದು ವಾರದೊಳಗೆ ಒಟ್ಟು ಕಾಲಂ ಏರತೊಡಗಿತು. ಬಾಟಲಿಯ ಅರ್ಧ, ಮುಕ್ಕಾಲು, ಆಮೇಲೆ ಎರಡನೇ ಬಾಟಲಿ. ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿಗೆ ಜಾಗ ಇಲ್ಲದಾಯಿತು. ಅಮ್ಮ ಬೆಳ್ಳುಳ್ಳಿಗೆ ಕೀರ್ತಿ ಕೊಟ್ಟಳು, ಅತ್ತೆ ದೃಷ್ಟಿ ತೆಗೆಸಿದ್ದಕ್ಕೆ ಕೊಟ್ಟರು, ಮಾವ ಬೇರಿಗೆ ಕೊಟ್ಟರು. ಕೂಸನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. ಅದು ಒಂದು ಗುಟುಕಿಗೆ ಕೆಮ್ಮಿ, ಮೂಗಿನಲ್ಲಿ ಹಾಲು ಬಂದು, ಬಾಯಿ ಬಿಟ್ಟು ಅಳುತ್ತಿತ್ತು. ಹಸಿರು ನೊರೆ ನೊರೆಯಾಗಿ ಹೇಲುತ್ತಿತ್ತು. ಅದೂ ಹಾಲು ಕಡಿಮೆಯಾದ ಲಕ್ಷಣವೆಂದೇ ಲೆಕ್ಕ ಹಾಕಿ ಇನ್ನೊಂದು ಸರದಿ ಪಂಪು ಸೇರಿಸಿದೆ.

ಸೇಲಂನಲ್ಲಿ ಚಿಕ್ಕಪ್ಪನ ಮಗಳಿಗೆ ಬಳೆ ತೊಡಿಸುವ ಶಾಸ್ತ್ರ. ಇಳಂಪಿಳ್ಳೈ ಮಗ್ಗದ ತಿಳಿ ಚಂದನದ ಬಣ್ಣದ ಸೀರೆ ಉಟ್ಟು, ಉಡುಗೊರೆಗೆ ಒಂದು ಬೆಳ್ಳಿ ಬಟ್ಟಲು ಹಿಡಿದು, ಕೂಸಿನ ಜೊತೆ ಒಬ್ಬಳೇ ಬಸ್ಸು ಹತ್ತಿದೆ. ಒಂದೂವರೆ ಗಂಟೆಯ ದಾರಿ ತಾನೇ ಎಂದು ಪಂಪನ್ನು ಮನೆಯಲ್ಲೇ ಬಿಟ್ಟೆ. ತೊಪ್ಪೂರು ಘಾಟಿಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಆ ಇಳಿಜಾರಿನಲ್ಲಿ ಲಾರಿ ಮಗುಚುವುದು ಈ ಎರಡು ಜಿಲ್ಲೆಯವರಿಗೆ ಸುದ್ದಿಯೇ ಅಲ್ಲ. ಅಂದೂ ಒಂದು ಮಗುಚಿತ್ತು. ಬಸ್ಸು ನಿಂತಿತು, ಡ್ರೈವರ್ ಇಳಿದು ಬೀಡಿ ಹಚ್ಚಿದ, ಕೆಆರ್‌ಎಸ್ ಮತ್ತು ಕಬಿನಿ ಒಟ್ಟಿಗೆ ತುಂಬತೊಡಗಿದವು.

ಎರಡು ಗಂಟೆಗೊಮ್ಮೆ ಖಾಲಿ ಮಾಡಿ ಮಾಡಿ ನಾನು ಮೈಗೆ ಕಲಿಸಿದ್ದು ಒಂದೇ ಪಾಠ: ಈ ಮನೆಯಲ್ಲಿ ಮೂರು ಮಕ್ಕಳಿವೆ. ಮೈ ವಿಧೇಯವಾಗಿ ಮೂವರಿಗೂ ಸಾಕಾಗುವಷ್ಟು ಮಾಡುತ್ತಿತ್ತು. ಇದ್ದ ಒಬ್ಬಳು ಹತ್ತುವಾಗಲೇ ಕುಡಿದು ಹೆಗಲ ಮೇಲೆ ಗೊರಕೆ ಹೊಡೆಯುತ್ತಿದ್ದಳು. ಎಬ್ಬಿಸಿದರೆ ಒಂದು ಗುಟುಕು ಕುಡಿದು, ಕೆಮ್ಮಿ, ನನ್ನನ್ನು ಶಪಿಸುವ ಹಾಗೆ ನೋಡಿ ಮತ್ತೆ ಮಲಗಿದಳು. ಕಲ್ಲಿನಂತಾದ ಎದೆಯ ಮೇಲೆ ಬ್ಯಾಗು ಒತ್ತಿ ಕೂತೆ. ಆಗ ಹಿಂದಿನ ಸೀಟಿನಲ್ಲಿ ಯಾರದೋ ಕೂಸು ಕಿಟಾರನೆ ಅತ್ತಿತು.

ಹಸು ಸೊರ ಬಿಡುವುದು ಎಂದು ಅತ್ತೆ ಹೇಳುತ್ತಾರಲ್ಲ, ಅದು ಆಯಿತು. ಬೇರೆ ಕೂಸಿನ ಅಳುವಿಗೂ ಆಕ್ಸಿಟೋಸಿನ್ ಓಗೊಡುತ್ತದೆ, ಅದಕ್ಕೆ ಜಾತಿ, ಮತ, ರಾಜ್ಯದ ಗಡಿ ಇಲ್ಲ. ಚಂದನದ ಬಣ್ಣದ ಸೀರೆ ಕ್ಷಣದಲ್ಲಿ ಮರದ ತೊಗಟೆಯ ಬಣ್ಣಕ್ಕೆ ತಿರುಗಿತು. ಹತ್ತಿರ ಬಂದ ಕಂಡಕ್ಟರು ನನ್ನ ಸೀರೆ ನೋಡಿ, ಬಸ್ಸಿನ ಸೂರು ನೋಡಿ, ಉರಿಬಿಸಿಲಿನಲ್ಲಿ ಕೈಚಾಚಿ ಕಿಟಕಿಯ ಗಾಜು ಎಳೆದು, "ಮಳೆ ಒಳಗೆ ಬರ್ತಾ ಇದೆ ಅಮ್ಮಾ" ಎಂದು ತಮಿಳಿನಲ್ಲಿ ಹೇಳಿ ಹೋದರು. ಪಕ್ಕದ ಮುದುಕಿ ಏನೂ ಕೇಳದೆ ತನ್ನ ಗಂಡನ ಹೆಗಲ ಮೇಲಿದ್ದ ಟವೆಲ್ ಎಳೆದು ನನಗೆ ಹೊದಿಸಿದಳು. ಆತ ಕಿಟಕಿಯಾಚೆ ನೋಡುತ್ತಾ ಕೂತ.

ತಮಿಳುನಾಡು ಸರಕಾರ 2015ರ ಆಗಸ್ಟಿನಲ್ಲಿ ಮುನ್ನೂರಕ್ಕೂ ಹೆಚ್ಚು ಬಸ್ ನಿಲ್ದಾಣಗಳಲ್ಲಿ ತಾಯಂದಿರು ಹಾಲೂಡಿಸುವ ಕೋಣೆ ತೆರೆಯಿತು. ಆ ನಿರ್ಧಾರಕ್ಕೆ ಸಹಿ ಹಾಕಿದ ಕೈಗೆ ನಾನು ಸೇಲಂ ನಿಲ್ದಾಣದಲ್ಲಿ ಮನಸ್ಸಿನಲ್ಲೇ ನಮಸ್ಕಾರ ಮಾಡಿದೆ. ಮುದುಕಿಯೂ ಒಳಗೆ ಬಂದಳು. ಕೈಯಲ್ಲಿ ಹಿಂಡುವುದು ಹೇಗೆಂದು ಗಾಳಿಯಲ್ಲಿ ಬೆರಳಾಡಿಸಿ ತೋರಿಸಿದಳು. ಸರಿ, ಹಿಂಡುವುದು ಯಾವುದಕ್ಕೆ? ಬ್ಯಾಗಿನಲ್ಲಿ ಇದ್ದ ಪಾತ್ರೆ ಒಂದೇ. ಆ ಬೆಳ್ಳಿ ಬಟ್ಟಲನ್ನು ಆಮೇಲೆ ನಲ್ಲಿಯಲ್ಲಿ ತಿಕ್ಕಿ ತಿಕ್ಕಿ ತೊಳೆದೆ. ಶಾಸ್ತ್ರದ ಮನೆಯಲ್ಲಿ ಚಿಕ್ಕಮ್ಮ ಅದನ್ನು ಎತ್ತಿ ಹಿಡಿದು, "ನೋಡಿ, ಸೇಲಂ ಬೆಳ್ಳಿ ಅಂದ್ರೆ ಹೊಳಪೇ ಬೇರೆ" ಎಂದು ಎಲ್ಲರಿಗೂ ತೋರಿಸಿದರು.

ಧರ್ಮಪುರಿಗೆ ಮರಳುವ ಹೊತ್ತಿಗೆ ಕೆಆರ್‌ಎಸ್‌ನಲ್ಲಿ ಒಂದು ಗಂಟು, ಮೈಯಲ್ಲಿ ಸಣ್ಣ ಜ್ವರ. ಅತ್ತೆ ಫ್ರಿಜ್ಜಿನಲ್ಲಿದ್ದ ಎಲೆಕೋಸಿನ ತಣ್ಣನೆಯ ಎಲೆ ಬಿಡಿಸಿ ಎದೆಗೆ ಕಟ್ಟಿದರು. ಹಿತವಾಗಿತ್ತು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ, "ಅದು ಬಾಡಿದ ಮೇಲೆ ಬಿಸಾಕು, ಪಲ್ಯಕ್ಕೆ ಬೇರೆ ಇಟ್ಟಿದ್ದೀನಿ" ಎಂದರು. ಈ ಸ್ಪಷ್ಟೀಕರಣದ ಅಗತ್ಯ ಯಾಕೆ ಬಿತ್ತು ಎಂದು ಯೋಚಿಸುತ್ತಾ ಮಲಗಿದೆ.

ಮಾರನೆಯ ದಿನ ಹದಿನಾಲ್ಕನೇ ವಾರದ ಸೂಜಿ. ಊರಿನ ನರ್ಸಕ್ಕ ಮಗುವನ್ನು ಜೋಳಿಗೆಯಲ್ಲಿ ಹಾಕಿ ಗಡಿಯಾರದ ತಕ್ಕಡಿಗೆ ತೂಗುಹಾಕಿದರು. ಮಿಲ್ಲಿನಲ್ಲಿ ಅಷ್ಟು ಮೂಟೆ ತೂಗಿಸಿದ ನನ್ನ ಕೈ ನಡುಗುತ್ತಿತ್ತು. ಮುಳ್ಳು ನಿಂತಿತು. ನರ್ಸಕ್ಕ ಕಾರ್ಡಿನಲ್ಲಿ ಚುಕ್ಕೆ ಇಟ್ಟು, ಹಿಂದಿನ ಚುಕ್ಕೆಗಳಿಗೆ ಗೆರೆ ಸೇರಿಸಿ, "ಚೆನ್ನಾಗಿದಾಳೆ" ಎಂದರು. ನಾನು ಒಪ್ಪಲಿಲ್ಲ. ರಿಜಿಸ್ಟರ್ ಮುಂದಿಟ್ಟೆ. ಅವರು ಹಾಳೆ ತಿರುವಿದರು. ದಿನಾಂಕ, ಸಮಯ, ಎಡ, ಬಲ, ಒಟ್ಟು, ಷರಾ. ಕೊನೆಯ ಪುಟದವರೆಗೂ ನೋಡಿ ಮುಚ್ಚಿದರು.

"ಇದರಲ್ಲಿ ಮಗು ಎಲ್ಲಿದೆಯಮ್ಮಾ?"

ನಾನು ತಬ್ಬಿಬ್ಬಾದೆ.

"ದಿನಕ್ಕೆ ಎಷ್ಟು ಸಲ ಉಚ್ಚೆ ಹುಯ್ತಾಳೆ? ಕುಡಿದಾದ ಮೇಲೆ ಕೈ ಸಡಿಲ ಬಿಡ್ತಾಳಾ? ಆಡ್ತಾಳಾ? ಒಂದನ್ನೂ ಬರೆದಿಲ್ಲ. ದಿನಕ್ಕೆ ಆರು ಸಲವೋ ಅದಕ್ಕಿಂತ ಹೆಚ್ಚೋ ಬಟ್ಟೆ ಒದ್ದೆ ಮಾಡಿ, ತೂಕ ಏರ್ತಾ ಇದ್ದರೆ ಹಾಲು ಸಾಕಾಗ್ತಿದೆ ಅಂತಲೇ. ಥೈರಾಯ್ಡು, ಹೆರಿಗೆಯಲ್ಲಿ ಜಾಸ್ತಿ ರಕ್ತ ಹೋಗಿರೋದು, ಹೀಗೆ ನಿಜವಾಗಿ ಹಾಲು ಕಮ್ಮಿ ಇರೋರೂ ಇದಾರೆ. ಆಗ ಈ ಗೆರೆ ಮೇಲೆ ಏರಲ್ಲ. ಏರದೆ ಇದ್ದಿದ್ದರೆ ನಿನಗಿಂತ ಮೊದಲು ನಾನೇ ಗಲಾಟೆ ಮಾಡ್ತಿದ್ದೆ."

ಆಮೇಲೆ ವಿವರಿಸಿದರು. ಒಂದೂವರೆ ತಿಂಗಳಿನಿಂದ ಮೂರು ತಿಂಗಳೊಳಗೆ ಎದೆ ಮೆತ್ತಗಾಗುವುದು ಬತ್ತಿದ್ದಕ್ಕಲ್ಲ, ಲೆಕ್ಕ ಕುದುರಿದ್ದಕ್ಕೆ. ಹಾರ್ಮೋನು ರಕ್ತದಲ್ಲಿ ಇಳಿಯುತ್ತಾ ಬಂದ ಹಾಗೆ ಆಡಳಿತ ಸ್ಥಳೀಯ ಸಂಸ್ಥೆಗಳ ಕೈಗೆ ಬರುತ್ತದೆ: ಎದೆಯಲ್ಲಿ ಹಾಲು ನಿಂತಷ್ಟೂ ತಯಾರಿ ನಿಧಾನ, ಖಾಲಿಯಾದಷ್ಟೂ ಚುರುಕು. ಕೂಸೂ ಅಷ್ಟರಲ್ಲಿ ಕಸುಬು ಕಲಿತಿರುತ್ತದೆ, ನಲವತ್ತು ನಿಮಿಷದ ಕೆಲಸ ಏಳೆಂಟರಲ್ಲಿ ಮುಗಿಸುತ್ತದೆ. ಸಂಜೆಯ ರಂಪ ಬಹಳ ಕೂಸುಗಳದ್ದು.

ಮೂಲೆಯಲ್ಲಿ ನಿಂತಿದ್ದ ಅತ್ತೆ, "ನಮ್ಮ ಹಸೂನೂ ಹಂಗೇ. ಕೆಚ್ಚಲಲ್ಲಿ ಬಿಟ್ರೆ ಕಮ್ಮಿ ಆಗ್ತದೆ, ಪೂರ್ತಿ ಹಿಂಡಿದ್ರೆ ಏರ್ತದೆ" ಎಂದರು.

"ಗೊತ್ತಿದ್ದೂ ಹೇಳಬಾರದಾ ಅತ್ತೆ?"

"ಸೊಸೇಗೆ ಹಸು ವಿಷಯ ಹೆಂಗೆ ಹೇಳ್ಲಿ? ನಿಮ್ಮಮ್ಮ ಫೋನು ಸ್ಪೀಕರಲ್ಲಿಡು ಅಂದ್ಬಿಟ್ರೆ?"

ಅತ್ತೆಯ ಕೊಟ್ಟಿಗೆಯ ಜ್ಞಾನ ವಿಜ್ಞಾನವಾದದ್ದು ಸ್ಕಾಟ್ಲೆಂಡಿನ ಹನ್ನಾ ಸಂಶೋಧನಾ ಸಂಸ್ಥೆಯ ಆಡುಗಳಿಂದ. ಅಲ್ಲಿ ಆಡಿನ ಕೆಚ್ಚಲಿನ ಒಂದೇ ಬದಿಯನ್ನು ಹೆಚ್ಚು ಸಲ ಹಿಂಡಿದರು, ಆ ಒಂದೇ ಕಡೆ ಹಾಲು ಏರಿತು. ಎರಡಕ್ಕೂ ಹರಿಯುವ ರಕ್ತ ಒಂದೇ, ಆದ್ದರಿಂದ ಆಜ್ಞೆ ಕೆಚ್ಚಲೊಳಗಿಂದಲೇ ಬರಬೇಕು. ಮುಂದೆ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಪೀಟರ್ ಹಾರ್ಟ್‌ಮನ್ ಮತ್ತು ಸಂಗಡಿಗರು ತಾಯಂದಿರನ್ನೇ ಅಳೆದರು. 2006ರಲ್ಲಿ ಅವರು ಪ್ರಕಟಿಸಿದ ಲೆಕ್ಕದಲ್ಲಿ ಒಂದರಿಂದ ಆರು ತಿಂಗಳ ಆರೋಗ್ಯವಂತ ಕೂಸುಗಳು ದಿನಕ್ಕೆ ಸರಾಸರಿ 788 ಗ್ರಾಂ ಕುಡಿದವು. ಆದರೆ ಒಂದು ಕೂಸು 478, ಇನ್ನೊಂದು 1,356. ಒಂದಕ್ಕೆ ದಿನಕ್ಕೆ 6 ಸಲ ಸಾಕು, ಇನ್ನೊಂದಕ್ಕೆ 18. ಇದ್ದ ಹಾಲಿನಲ್ಲಿ ಸುಮಾರು ಮೂರನೇ ಎರಡು ಭಾಗ ಮಾತ್ರ ಕುಡಿದು ಉಳಿದದ್ದನ್ನು ಬಿಟ್ಟವು. ಓದುತ್ತಾ ನನಗೆ ಹೊಟ್ಟೆಕಿಚ್ಚಾಯಿತು: ಅವರೂ ನನ್ನಂತೆಯೇ ತೂಗಿದವರು, ಆದರೆ ತೂಗಿದ್ದು ಕೂಸನ್ನು, ಕುಡಿಯುವ ಮೊದಲೊಮ್ಮೆ, ಕುಡಿದ ಮೇಲೊಮ್ಮೆ. ಬಿಟ್ಟಷ್ಟೂ ಒಳಹರಿವು ಏರುವ ಇಂಥ ಅಣೆಕಟ್ಟು ಕಾವೇರಿಗೆ ಸಿಕ್ಕಿದ್ದರೆ ಎರಡು ರಾಜ್ಯದ ವಕೀಲರು ಬೇರೆ ಕೆಲಸ ನೋಡಿಕೊಳ್ಳಬೇಕಿತ್ತು.

ಪಂಪನ್ನು ಒಮ್ಮೆಲೇ ನಿಲ್ಲಿಸಬೇಡ, ಗಂಟು ಬೆಳೆದೀತು ಎಂದಿದ್ದರು ನರ್ಸಕ್ಕ. ಒಂದೊಂದೇ ಸರದಿ ಕಳೆದೆ, ಉಳಿದ ಸರದಿಗಳಲ್ಲೂ ಹೊತ್ತು ಕಡಿಮೆ ಮಾಡಿದೆ. ಫ್ರಿಜ್ಜು ದೋಸೆ ಹಿಟ್ಟಿಗೆ ಮರಳಿತು. ಎದೆ ಮತ್ತೆ ಮೆತ್ತಗಾಯಿತು, ಸೀರೆ ಒಣಗಿತು, ಮಗಳು ಕೆಮ್ಮದೆ ಕುಡಿದು ಫ್ಯಾನ್ ನೋಡತೊಡಗಿದಳು.

ರಿಜಿಸ್ಟರಿನಲ್ಲಿ ಅರ್ಧಕ್ಕಿಂತ ಹೆಚ್ಚು ಹಾಳೆ ಖಾಲಿ ಉಳಿದಿದ್ದವು. ಮಗು ಎಲ್ಲಿದೆ ಎಂದು ನರ್ಸಕ್ಕ ಕೇಳಿದ್ದರಲ್ಲ, ಹೊಸ ಕಾಲಂ ಎಳೆದೆ. ಡಯಾಪರಿನಲ್ಲಿ ಲೆಕ್ಕ ಸಿಗದೆಂದು ಅತ್ತೆಯ ಹಳೆಯ ಸೀರೆ ಹರಿದು ಕಟ್ಟಿದೆ. ಆದರೂ ಮಧ್ಯಾಹ್ನದ ಹೊತ್ತು ಮಾವ ಅವಳನ್ನು ತೊಡೆಯ ಮೇಲೆ ಹಾಕಿಕೊಂಡು ತಿಣ್ಣೆಯಲ್ಲಿ ಕೂರುತ್ತಾರೆ, ಬಟ್ಟೆ ಕಟ್ಟಲು ಬಿಡುವುದಿಲ್ಲ, ಮಗುವಿಗೆ ಗಾಳಿಯಾಡಲಿ ಎನ್ನುತ್ತಾರೆ. ಹಾಗಾಗಿ ಆ ಹೊತ್ತಿನ ಅಂಕಿಗೆ ಅವರ ಬಾಯಿಮಾತೇ ಆಧಾರ.

"ರೀ, ಇವತ್ತು ಬಿಳಿಗುಂಡ್ಲುವಿನಲ್ಲಿ ಎಷ್ಟಂತೆ ಕೇಳಿ" ಎಂದೆ ಮೊನ್ನೆ.

ಮನೆಯವರು ಹೊರಗೆ ಇಣುಕಿ ನೋಡಿ ಬಂದರು. "ಬರ್ಕೋ, ಎರಡು. ಅಪ್ಪ ಎರಡನೇ ಪಂಚೆ ಬದಲಾಯಿಸೋಕೆ ಎದ್ದಿದಾರೆ."